ಶರದೃತುವಿನ ಹೊಲಮನೆ

ಶರದೃತುವೆಂದರೆ ಆಶ್ವಯುಜ ಮತ್ತು ಕಾರ್ತಿಕ ಮಾಸಗಳು. ಮಠದ ಪಾಠಶಾಲೆಯಲ್ಲಿ ನಾವು ಇದನ್ನು ಬಾಯಿಪಾಠ ಮಾಡಿದವರು. ಕಾವ್ಯಪಾಠದಲ್ಲಿ ಶರದ್ವರ್ಣನೆ ಬಂದಾಗ ಗುರುಗಳು ಪುಸ್ತಕವನ್ನು ಮಡಿಸಿಟ್ಟು, ಈ ವರ್ಣನೆಯಲ್ಲಿ ಏನೇನು ಬರಬೇಕೆಂದು ಕೇಳುತ್ತಿದ್ದರು. ಮಳೆಯಿಂದ ತೊಳೆದ ಆಕಾಶ, ಹತ್ತಿಯ ಅರಳೆಯಂತಹ ಬಿಳಿಮೋಡ, ತಿಳಿಯಾದ ಕೆರೆಯ ನೀರು, ತುಂಬು ಬೆಳುದಿಂಗಳು, ಮಳೆಗಾಲದಲ್ಲಿ ಮಾನಸ ಸರೋವರಕ್ಕೆ ಹೋಗಿದ್ದ ಹಂಸಗಳ ಮರಳುವಿಕೆ, ಇಷ್ಟನ್ನೂ ನಾವು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದೆವು. ಆ ಪಟ್ಟಿಯಲ್ಲಿ ಶೇಂಗಾ ಕೀಳುವ ಕೂಲಿಯ ಹೆಣ್ಣುಮಕ್ಕಳಿರಲಿಲ್ಲ. ತೆನೆಗೆ ಬೀಳುವ ಹಂದಿಯಿರಲಿಲ್ಲ. ಹಿಂಗಾರಿ ಬಿತ್ತನೆಗೆ ಹದ ಕಾಯುವ ರೈತನ ಚಿಂತೆಯಿರಲಿಲ್ಲ. ಅವನ್ನು ಕಲಿಯಬೇಕಾದರೆ ರಜೆಯಲ್ಲಿ ಹೊಲಕ್ಕೇ ಹೋಗಬೇಕಾಗುತ್ತಿತ್ತು.

ಅರವತ್ತು ದಾಟಿದ ಮೇಲೂ ನಾನು ಆ ರೂಢಿಯನ್ನು ಬಿಟ್ಟಿಲ್ಲ. ಮಹಾನವಮಿಗೆ ಹೋದರೆ ದೀಪಾವಳಿಯನ್ನು ಮುಗಿಸಿಕೊಂಡೇ ಮರಳುವುದು. ಕಳೆದ ಬಾರಿ ಅಲ್ಲಿ ಕಳೆದ ದಿನಗಳಲ್ಲಿ ಕಂಡದ್ದನ್ನೂ, ಮನೆಯೊಳಗೇ ಎದ್ದ ಒಂದು ಪ್ರಶ್ನೆಯನ್ನೂ ಓದುಗ ಬಂಧುಗಳ ಮುಂದೆ ಇಡಬೇಕೆನಿಸಿದೆ.

ನಮ್ಮ ಹೊಲ ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನಲ್ಲಿದೆ. ಮೂಡಣ ದಿಕ್ಕಿಗೆ ಕಪ್ಪತಗುಡ್ಡದ ಸಾಲು. ಔಷಧಿ ಸಸ್ಯಗಳಿಗೂ ಬಿಡದೆ ಬೀಸುವ ಗಾಳಿಗೂ ಹೆಸರಾದ ಈ ಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಪಡುವಣಕ್ಕೆ ಮಾಗಡಿಯ ಕೆರೆ. ಶಿರಹಟ್ಟಿಯಿಂದ ಅದು ಸುಮಾರು ಎಂಟು ಕಿಲೋಮೀಟರು. ಹೊಲ ಒಟ್ಟು ಹನ್ನೆರಡು ಎಕರೆ. ಗುಡ್ಡದ ಕಡೆಯ ಅರ್ಧ ಮಸಾರಿ, ತಗ್ಗಿನ ಕಡೆಯ ಅರ್ಧ ಎರಿ. ಮಸಾರಿಯಲ್ಲಿ ಮುಂಗಾರಿಗೆ ಶೇಂಗಾ ಮತ್ತು ಗೋವಿನಜೋಳ. ಎರಿಯಲ್ಲಿ ಹೆಸರು ಬೆಳೆದು ತೆಗೆದ ಮೇಲೆ ಹಿಂಗಾರಿಗೆ ಬಿಳಿಜೋಳ, ಕಡಲೆ. ಹೀಗಾಗಿ ಶರತ್ಕಾಲದಲ್ಲಿ ಈ ಹೊಲದ ಒಂದು ಮಗ್ಗುಲಲ್ಲಿ ಸುಗ್ಗಿ, ಇನ್ನೊಂದು ಮಗ್ಗುಲಲ್ಲಿ ಬಿತ್ತನೆ. ಒಂದು ಬೆಳೆ ಮನೆಗೆ ಬರುವ ಹೊತ್ತಿಗೇ ಇನ್ನೊಂದು ಮಣ್ಣಿಗೆ ಹೋಗುತ್ತದೆ.

ಹೊಲದ ನಡುವೆ ಕಲ್ಲುಗೋಡೆಯ ಮಾಳಿಗೆ ಮನೆ. ತಮ್ಮ, ತಮ್ಮನ ಹೆಂಡತಿ, ಅವರ ಮಗ, ಸೊಸೆ, ಆರು ವರ್ಷದ ಮೊಮ್ಮಗಳು, ಇಷ್ಟು ಜನ ಅಲ್ಲಿದ್ದಾರೆ. ಎರಡು ಆಕಳು, ಒಂದು ಜೊತೆ ಎತ್ತು, ಒಂದು ನಾಯಿ. ಆಳವಾದ ನೇಗಿಲು ಹೊಡೆಯಲು ಬಾಡಿಗೆಯ ಟ್ರ್ಯಾಕ್ಟರ್ ಬರುತ್ತದೆ. ಬಿತ್ತುವುದಕ್ಕೆ ಮಾತ್ರ ಇನ್ನೂ ಕೂರಿಗೆಯೇ.

ಬೆಳಗಿನ ಜಾವ ಮೊದಲು ಕೇಳಿಸುವುದು ಹಾಲಕ್ಕಿಯ ಕೂಗು. ಬುಡುಬುಡಿಕೆಯವರು ಇದರ ನುಡಿಯನ್ನೇ ಕೇಳಿ ಶಕುನ ಹೇಳುವುದಾಗಿ ಹೇಳಿಕೊಳ್ಳುತ್ತಾರೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಗೂಬೆಯಿದು. ರಾತ್ರಿಯೆಲ್ಲ ಜೀರುಂಡೆ, ಮಿಡತೆ, ಇಲಿಮರಿಗಳನ್ನು ಹಿಡಿದು ತಿಂದು, ಬೆಳಕಾಗುವ ಮುನ್ನ ಬೇವಿನ ಪೊಟರೆಗೆ ಸೇರುತ್ತದೆ. ಅದು ಸುಮ್ಮನಾದೊಡನೆ ಬದುವಿನ ಪೊದೆಯಿಂದ ಗೌಜಲಕ್ಕಿಗಳು ಒಂದಕ್ಕೊಂದು ಕೂಗಿ ಕರೆಯುತ್ತವೆ. ಅಷ್ಟರಲ್ಲಿ ಒಳಗೆ ತಮ್ಮನ ಹೆಂಡತಿ ರೊಟ್ಟಿ ಬಡಿಯಲು ಆರಂಭಿಸಿರುತ್ತಾಳೆ. ಈ ಮೂರು ಸದ್ದುಗಳು ಒಂದಾದ ಮೇಲೊಂದು ಬಂದರೆ ಗಡಿಯಾರ ನೋಡುವ ಅವಶ್ಯಕತೆಯಿಲ್ಲ.

ಸೂರ್ಯ ಗುಡ್ಡದ ಮೇಲೆ ಬರುವ ಮುನ್ನ ಬದುವಿನಗುಂಟ ನಡೆದರೆ ಧೋತರದ ಅಂಚು ಮಂಜಿನಿಂದ ನೆನೆಯುತ್ತದೆ. ಗಿಡದಿಂದ ಗಿಡಕ್ಕೆ ಕಟ್ಟಿದ ಜೇಡರ ಬಲೆಗಳ ಮೇಲೆ ಹನಿಗಳು ನಿಂತಿರುತ್ತವೆ. ಮಳೆಗಾಲದಲ್ಲಿ ಕಾಣದಿದ್ದ ಬಲೆಗಳು ಈಗ ಹೆಜ್ಜೆಗೊಂದು. ಏಕೆಂದರೆ ಹುಳುಹುಪ್ಪಟೆಗಳು ಮೈತುಂಬಿ ಬೆಳೆದಿರುವ ಕಾಲವಿದು. ತುಂಬೆಯ ಬಿಳಿಹೂವು, ಹೊನ್ನಾವರಿಕೆಯ ಹಳದಿ, ಅಕ್ಕಡಿ ಸಾಲಿನ ಗುರೆಳ್ಳಿನ ಹಳದಿ, ಇವುಗಳ ಮೇಲೆ ಹೊತ್ತೇರುವ ತನಕ ಜೇನು ಮತ್ತು ಪಾತರಗಿತ್ತಿಗಳು. ಬದುವಿನ ಮೇಲೆ ನಡೆದುಹೋಗುವ ಗಂಡುನವಿಲುಗಳನ್ನು ಕಂಡು ಮೊಮ್ಮಗಳು, ಇವುಗಳ ಗರಿಯನ್ನು ಯಾರು ಕಿತ್ತರೆಂದು ಕೇಳಿದಳು. ಯಾರೂ ಕಿತ್ತಿಲ್ಲ, ಮಳೆಗಾಲ ಮುಗಿಯುತ್ತಲೇ ಅವು ತಮ್ಮ ಉದ್ದನೆಯ ಗರಿಗಳನ್ನು ತಾವೇ ಉದುರಿಸುತ್ತವೆ. ಮುಂದಿನ ಮುಂಗಾರಿನ ಹೊತ್ತಿಗೆ ಮತ್ತೆ ಹೊಸ ಗರಿ ತುಂಬಿಕೊಂಡಿರುತ್ತದೆ.

ಒಂಬತ್ತು ಗಂಟೆಯ ಸುಮಾರಿಗೆ ಕೂಲಿಯವರು ಬರುತ್ತಾರೆ. ಶೇಂಗಾದ ಸಾಲಿಗೆ ಮೊದಲು ಕುಂಟೆ ಹೊಡೆದು ಮಣ್ಣನ್ನು ಸಡಿಲಿಸುತ್ತಾರೆ. ಆಮೇಲೆ ಹೆಣ್ಣುಮಕ್ಕಳು ಬಳ್ಳಿಯನ್ನು ಎತ್ತಿ, ಕೊಡವಿ, ಗುಂಪು ಹಾಕಿ, ಕಾಯಿ ಬಿಡಿಸುತ್ತಾರೆ. ಮಗುಚಿದ ಮಣ್ಣಿನ ಹಿಂದೆಯೇ ಹಕ್ಕಿಗಳ ಸಾಲು. ಬಾಲವನ್ನು ಎಡೆಬಿಡದೆ ಮೇಲೆ ಕೆಳಗೆ ಕುಣಿಸುವ ಸಿಪಿಲೆಗಳು, ಬೆಳ್ಳಕ್ಕಿ, ಕಾಗೆ, ಗೊರವಂಕ ಎಲ್ಲವೂ ಮೇಲೆದ್ದ ಹುಳುಗಳಿಗಾಗಿ ಮುಗಿಬೀಳುತ್ತವೆ. ಈ ಸಿಪಿಲೆಗಳಲ್ಲಿ ಹೆಚ್ಚಿನವು ಹಿಮಾಲಯದಿಂದಲೂ ಅದರಾಚೆಯ ಶೀತದೇಶಗಳಿಂದಲೂ ಈ ಕಾಲಕ್ಕೆ ಬರುವ ಅತಿಥಿಗಳು.

ಶೇಂಗಾ ಕಿತ್ತ ಹೊಲದಲ್ಲಿ ಇನ್ನೊಂದು ಸುಗ್ಗಿ ನಡೆಯುತ್ತದೆ. ಅದಕ್ಕೆ ಹಕ್ಕಲು ಎಂದು ಹೆಸರು. ಹೊಲದವರು ತಮ್ಮ ಬೆಳೆಯನ್ನು ತೆಗೆದ ಮೇಲೆ ಮಣ್ಣಿನಲ್ಲಿ ಉಳಿದ ಕಾಯಿಗಳನ್ನು ಯಾರು ಬೇಕಾದರೂ ಆಯ್ದುಕೊಳ್ಳಬಹುದು. ನೆಲವಿಲ್ಲದವರು, ಒಂಟಿ ಮುದುಕಿಯರು, ಶಾಲೆ ಬಿಟ್ಟ ಮೇಲೆ ಮಕ್ಕಳು ಹಕ್ಕಲಿಗೆ ಬರುತ್ತಾರೆ. ಅವರನ್ನು ಹೋಗಿರೆಂದು ಹೇಳಿದ್ದನ್ನು ನಾನು ನಮ್ಮ ತಂದೆಯ ಕಾಲದಲ್ಲಿ ಕಾಣಲಿಲ್ಲ. ಹಕ್ಕಲಿಗೆ ಬಂದವರು ಬಿಟ್ಟದ್ದು ಹಕ್ಕಿಗೆ; ಹಕ್ಕಿ ಬಿಟ್ಟದ್ದು ಇಲಿ ಇರುವೆಗಳಿಗೆ. ಬೆಳೆದದ್ದೆಲ್ಲವೂ ಕಣಜಕ್ಕೇ ಬರಬೇಕೆಂಬ ಹಟ ಅಂದಿನವರಿಗಿರಲಿಲ್ಲ.

ಮಧ್ಯಾಹ್ನ ಬೇವಿನ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾರೆ. ಸಜ್ಜೆರೊಟ್ಟಿ, ಪುಂಡಿಪಲ್ಲೆ, ಅಗಸಿ ಚಟ್ನಿ, ಮೊಸರು. ಊಟವಾದ ಮೇಲೆ ನಾನು ಆಕಾಶ ನೋಡುತ್ತ ಮಲಗುವುದುಂಟು. ವಿದ್ಯುತ್ ತಂತಿಯ ಮೇಲೆ ಕುಳಿತ ನೀಲಕಂಠ ಥಟ್ಟನೆ ಹಾರಿ ನೆಲಕ್ಕಿಳಿದು ಮಿಡತೆಯೊಂದನ್ನು ಕಚ್ಚಿಕೊಂಡು ಮತ್ತೆ ತಂತಿಗೆ ಮರಳುತ್ತದೆ. ಕುಳಿತಾಗ ಬೂದಿಬಣ್ಣದಂತೆ ತೋರುವ ಅದು ರೆಕ್ಕೆ ಬಿಚ್ಚಿದೊಡನೆ ನೀಲಿಯ ಎರಡು ಛಾಯೆಗಳು ಮಿಂಚಿ ಮರೆಯಾಗುತ್ತವೆ. ನಮ್ಮ ರಾಜ್ಯದ ಪಕ್ಷಿಯಾದ ಇದನ್ನು ವಿಜಯದಶಮಿಯಂದು ನೋಡುವುದು ಶುಭವೆಂದು ಹಿರಿಯರು ನಂಬಿದ್ದರು. ಬೆಳೆ ತಿನ್ನುವ ಹುಳುಗಳನ್ನು ಹಗಲೆಲ್ಲ ಆರಿಸಿ ತೆಗೆಯುವ ಹಕ್ಕಿಯು ರೈತನಿಗೆ ಶುಭವಲ್ಲದೆ ಮತ್ತೇನು? ಉದ್ದರೆಕ್ಕೆಯ, ತೆಳುಮೈಯ ಒಂದು ಬಗೆಯ ಗಿಡುಗ ಬೆಳೆಯ ತುದಿಯನ್ನು ಸವರುವಂತೆ ತೂಗುತ್ತ ಹಾರಿಹೋಗುತ್ತದೆ. ಹ್ಯಾರಿಯರ್ ಎಂದು ಪಕ್ಷಿತಜ್ಞರು ಕರೆಯುವ ಇದು ಮಧ್ಯ ಏಷ್ಯದ ಹುಲ್ಲುಗಾವಲುಗಳಿಂದ ಚಳಿಗಾಲಕ್ಕೆಂದು ಬರುತ್ತದೆ. ರಾತ್ರಿ ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆಯೇ ಮಲಗುತ್ತದೆ. ಇದರ ಆಹಾರದಲ್ಲಿಯೂ ಮಿಡತೆಗೆ ದೊಡ್ಡ ಪಾಲು.

ಇವೆಲ್ಲಕ್ಕಿಂತ ಆಶ್ಚರ್ಯದ ಪ್ರಯಾಣಿಕನನ್ನು ನಾವು ಮಕ್ಕಳಾಗಿದ್ದಾಗ ಬಾಲಕ್ಕೆ ದಾರ ಕಟ್ಟಿ ಆಡಿಸುತ್ತಿದ್ದೆವು. ಅದು ಏರೋಪ್ಲೇನ್ ಚಿಟ್ಟೆ. ಆಶ್ವಯುಜದ ಸಂಜೆಗಳಲ್ಲಿ ಹೊಂಬಣ್ಣದ ಈ ಚಿಟ್ಟೆಗಳು ಹೊಲದ ಮೇಲೆ ನೂರಾರು ಸಂಖ್ಯೆಯಲ್ಲಿ ತೇಲುತ್ತಿರುತ್ತವೆ. ಮಳೆನೀರು ನಿಂತ ಹೊಂಡಗಳಲ್ಲಿ ಹುಟ್ಟಿ ಬೆಳೆದು, ಹೊಂಡ ಬತ್ತುವ ಹೊತ್ತಿಗೆ ಗಾಳಿಯನ್ನು ಹಿಡಿದು ಹೊರಡುತ್ತವೆ. ಈ ಜಾತಿಯ ಚಿಟ್ಟೆಗಳು ಅಕ್ಟೋಬರಿನಿಂದ ಗುಂಪುಗುಂಪಾಗಿ ಮಾಲ್ದೀವ್ಸ್ ದ್ವೀಪಗಳನ್ನು ಮುಟ್ಟಿ, ಅಲ್ಲಿಂದ ಹಿಂದೂ ಮಹಾಸಾಗರವನ್ನು ದಾಟಿ ಆಫ್ರಿಕದವರೆಗೆ ಹೋಗುತ್ತವೆಂದು ಸಂಶೋಧಕರು 2009ರಲ್ಲಿ ಪ್ರಕಟಿಸಿದರು. ಬೆರಳುದ್ದದ ಜೀವಕ್ಕೆ ಸಮುದ್ರ ದಾಟುವ ಧೈರ್ಯ! ದಾರ ಕಟ್ಟಿದ ಕೈಗಳಿಗೆ ಇದು ತಿಳಿದಿರಲಿಲ್ಲ.

ಇಷ್ಟೆಲ್ಲ ಬರೆದು ಇಲ್ಲಿಗೇ ನಿಲ್ಲಿಸಿದರೆ ಇದೂ ಕಾವ್ಯದ ಶರದ್ವರ್ಣನೆಯಂತೆಯೇ ಆದೀತು. ಹೊಲದಲ್ಲಿ ಇರುವವರ ಕಣ್ಣಿಗೆ ಬೀಳುವುದು ಬೇರೆ.

ಮಹಾನವಮಿಯ ಮರುದಿನ ಬೆಳಿಗ್ಗೆ ತಮ್ಮನ ಮಗ ನನ್ನನ್ನು ಗೋವಿನಜೋಳದ ಹೊಲಕ್ಕೆ ಕರೆದೊಯ್ದನು. ಗುಡ್ಡದ ಕಡೆಯ ಅಂಚಿನಲ್ಲಿ ಬೆಳೆ ರೋಣಗಲ್ಲು ಹೊಡೆದಂತೆ ಮಲಗಿತ್ತು. ಹಂದಿಗಳು ತೆನೆಯನ್ನಷ್ಟೇ ತಿನ್ನುವುದಿಲ್ಲ. ದಂಟನ್ನು ಮೈಯಿಂದ ತಳ್ಳಿ ಕೆಡವಿ, ಒಂದಿಷ್ಟು ಜಗಿದು, ಉಳಿದುದನ್ನು ತುಳಿದು ಹೋಗುತ್ತವೆ. ಹಳ್ಳದ ಉದ್ದಕ್ಕೂ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದು ಅವುಗಳಿಗೆ ಹಗಲಿನ ಮರೆಯಾಗಿದೆ. ಹಿಂದೆ ಅವುಗಳ ಮರಿಗಳನ್ನು ಹೊತ್ತೊಯ್ಯುತ್ತಿದ್ದ ತೋಳ, ಕಿರುಬಗಳು ವಿರಳವಾಗಿವೆ. ಜೋಳ, ನವಣೆ, ಸಜ್ಜೆಗಳಿದ್ದ ಜಾಗದಲ್ಲಿ ಹಾಲುತುಂಬಿದ ಗೋವಿನಜೋಳದ ತೆನೆಗಳು ಊರೂರಿಗೆ ಹಬ್ಬಿವೆ. ಹಂದಿಯ ಸಂತತಿ ಹೆಚ್ಚಲು ಇದಕ್ಕಿಂತ ಅನುಕೂಲವಾದ ಏರ್ಪಾಡನ್ನು ಬೇಕೆಂದು ಮಾಡಿದರೂ ಮಾಡಲಾಗದು.

ದನದ ಕೊಟ್ಟಿಗೆಯ ಅಟ್ಟದ ಮೇಲೆ ಬರಿಯ ತಂತಿಯ ಎರಡು ಸುರುಳಿಗಳಿದ್ದುದನ್ನು ನಾನು ಮೊದಲ ದಿನವೇ ಕಂಡಿದ್ದೆ. ಅದು ಏತಕ್ಕೆಂದು ಅಂದು ತಿಳಿಯಿತು. ಪಂಪ್‌ಸೆಟ್ಟಿನ ಲೈನಿನಿಂದ ನೇರವಾಗಿ ವಿದ್ಯುತ್ತನ್ನು ತೆಗೆದು ರಾತ್ರಿಯ ಹೊತ್ತು ಹೊಲದ ಅಂಚಿನ ತಂತಿಗೆ ಹಾಯಿಸುವುದು ಅವನ ಆಲೋಚನೆ. ಕಾನೂನು ಇದನ್ನು ಅಪರಾಧವೆನ್ನುತ್ತದೆ. ಇಂತಹ ತಂತಿಗೆ ಸಿಕ್ಕು ಮೃಗಗಳಷ್ಟೇ ಅಲ್ಲ, ತಂತಿ ಹಾಕಿದ ರೈತರೂ ಸತ್ತಿರುವುದನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಇದನ್ನು ನಾನು ಹೇಳಿದಾಗ ಅವನು ಸಿಟ್ಟಾಗಲಿಲ್ಲ.

“ದೊಡ್ಡಪ್ಪ, ನೀವು ವರ್ಷಕ್ಕೊಮ್ಮೆ ಬರ್ತೀರಿ. ಬೆಳದಿಂಗಳ ನೋಡ್ತೀರಿ, ಹಕ್ಕಿ ನೋಡ್ತೀರಿ. ನಾ ಬ್ಯಾಂಕಿನ ಸಾಲ ನೋಡ್ಬೇಕು. ಮೂರ ರಾತ್ರ್ಯಾಗ ಮೂವತ್ತ ಸಾಲ ನೆಲಾ ಹಿಡದಾವು. ಸೌರಬೇಲಿ ಹಾಕಸಾಕ ರೊಕ್ಕಿಲ್ಲ. ಪರಿಹಾರಕ್ಕ ಅರ್ಜಿ ಕೊಟ್ಟು ವರ್ಷಾತು. ನೀವ ಹೇಳ್ರಿ, ಏನ ಮಾಡ್ಲಿ?”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಸೌರಬೇಲಿಯಲ್ಲಿ ವಿದ್ಯುತ್ತು ಎಡೆಬಿಡದೆ ಹರಿಯುವುದಿಲ್ಲ. ಸೆಕೆಂಡಿಗೊಮ್ಮೆ ಎಂಬಂತೆ ಅತ್ಯಲ್ಪಕಾಲದ ಮಿಡಿತವಾಗಿ ಬರುತ್ತದೆ. ಮುಟ್ಟಿದ ಪ್ರಾಣಿಗೆ ಪೆಟ್ಟು ಬಿದ್ದು ಹಿಂಜರಿಯುತ್ತದೆ, ಆದರೆ ಸಾಯುವುದಿಲ್ಲ. ಲೈನಿನ ವಿದ್ಯುತ್ತಾದರೋ ಹಿಡಿದ ಜೀವವನ್ನು ಬಿಡದು. ಈ ವ್ಯತ್ಯಾಸ ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಅಗ್ಗದ ದಾರಿಯತ್ತ ಕೈ ಹೋಗುವುದು ಕಷ್ಟದಲ್ಲಿರುವವನ ಸ್ವಭಾವ. ನಾನು ಅಂದು ಉತ್ತರ ಕೊಡಲಾರದೆ ಮರಳಿದೆ. ಏಕೆಂದರೆ ಅದೇ ಹೊಲದಲ್ಲಿ ನಾನು ಮಾಡಿದ ಒಂದು ಕೃತ್ಯ ನೆನಪಿಗೆ ಬಂದಿತ್ತು.

ಅದು 1977ರ ಹಿಂಗಾರು. ನಾನು ಪಾಠಶಾಲೆಯಿಂದ ರಜೆಗೆ ಬಂದಿದ್ದೆ, ಹದಿನಾರು ವರ್ಷ. ತಂದೆಯವರು ಸಂಬಂಧಿಕರ ಊರಿಗೆ ಹೋಗಿದ್ದರು. ಬಿತ್ತಿದ ಜೋಳವನ್ನು ಹಿಂದಿನ ವರ್ಷ ಇರುವೆ ಗೆದ್ದಲುಗಳು ತಿಂದಿದ್ದವೆಂಬ ಕಾರಣಕ್ಕೆ, ಪೇಟೆಯಿಂದ ತಂದಿಟ್ಟಿದ್ದ ವಿಷದ ಪುಡಿಯನ್ನು ನಾನೇ ಬೀಜಕ್ಕೆ ಬೆರೆಸಿದೆ. ಹೇಳಿದ್ದಕ್ಕಿಂತ ಹೆಚ್ಚು ಬೆರೆಸಿದರೆ ಹೆಚ್ಚು ಗುಣವೆಂದು ತಿಳಿದಿದ್ದೆ. ಕೂರಿಗೆಯಿಂದ ಬಿತ್ತುವಾಗ ಸಾಲಿನ ಉದ್ದಕ್ಕೂ ಬೀಜ ಮಣ್ಣಿನೊಳಗೆ ಬೀಳುತ್ತದೆ. ಆದರೆ ಎತ್ತುಗಳು ತಿರುಗುವ ಹೊಲದ ತುದಿಯಲ್ಲಿ ಒಂದಷ್ಟು ಕಾಳು ಮೇಲೆಯೇ ಉಳಿಯುತ್ತದೆ. ಅದನ್ನು ಮುಚ್ಚಬೇಕೆಂಬುದು ನನಗೆ ಹೊಳೆಯಲಿಲ್ಲ. ಮರುದಿನ ಬದುವಿನ ಕೆಳಗೆ ನಾಲ್ಕು ಹೆಣ್ಣುನವಿಲುಗಳೂ ಗೌಜಲಕ್ಕಿಗಳ ಒಂದು ಜೋಡಿಯೂ ಸತ್ತು ಬಿದ್ದಿದ್ದವು. ಒಂದು ನವಿಲು ಇನ್ನೂ ರೆಕ್ಕೆ ಬಡಿಯುತ್ತಿತ್ತು. ಅವ್ವ ಅದರ ಬಾಯಿಗೆ ನೀರು ಬಿಟ್ಟಳು, ಅದು ಕುಡಿಯಲಿಲ್ಲ.

ಅವ್ವ ನನ್ನನ್ನು ಬೈಯಲಿಲ್ಲ. ಗುಂಡಿ ತೋಡಿಸಿ ಎಲ್ಲವನ್ನೂ ಹೂಳಿಸಿದಳು. ಆಮೇಲೆ ಕೈ ತೊಳೆದುಕೊಳ್ಳುತ್ತ, “ಹುಣ್ಣಿವಿಗೆ ಒಂದ ಕೈಲೆ ಚರಗಾ ಚೆಲ್ಲಿದ್ವಿ, ಮತ್ತೊಂದ ಕೈಲೆ ವಿಷಾ ಬಿತ್ತಿದ್ವಿ. ಭೂಮಿತಾಯಿ ಯಾವ ಕೈ ನೋಡಿರಬೇಕಪ್ಪಾ?” ಎಂದಳು. ನಾನು ಆ ಮೇಲೆ ಅನೇಕ ಶಾಸ್ತ್ರಗಳನ್ನು ಓದಿದೆ. ಆ ಪ್ರಶ್ನೆಗೆ ಇಂದಿಗೂ ಉತ್ತರ ಹೇಳಲಾರೆ.

ಚರಗದ ಬಗೆಗೆ ನಗರಗಳಲ್ಲಿ ಬೆಳೆದ ನಮ್ಮ ಮಕ್ಕಳಿಗಾಗಿ ಎರಡು ಮಾತು ಹೇಳಬೇಕು. ಆಶ್ವಯುಜದ ಹುಣ್ಣಿಮೆಯೇ ಸೀಗಿ ಹುಣ್ಣಿಮೆ. ಆಗ ಬೆಳೆ ತುಂಬಿದ ಭೂಮಿಯನ್ನು ನಮ್ಮವರು ಬಸುರಿ ಹೆಣ್ಣುಮಗಳೆಂದು ಭಾವಿಸುತ್ತಾರೆ. ಬಸುರಿಗೆ ಬಯಕೆಯ ಊಟ ಮಾಡಿಸಬೇಕಲ್ಲವೆ? ಅದಕ್ಕಾಗಿ ಹೋಳಿಗೆ, ಕಡಬು, ಕರ್ಚಿಕಾಯಿ, ಎಣ್ಣೆಗಾಯಿ, ಬಗೆಬಗೆಯ ಪಲ್ಲೆ, ಮೊಸರನ್ನಗಳನ್ನು ಕಟ್ಟಿಕೊಂಡು ಮನೆಮಂದಿಯೆಲ್ಲ ಬಂಡಿ ಹೂಡಿ ಹೊಲಕ್ಕೆ ಹೋಗುತ್ತಾರೆ. ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸುತ್ತಾರೆ. ಆ ಬಳಿಕ ಒಬ್ಬರು ಎಲ್ಲ ಅಡುಗೆಯನ್ನು ಕಲಸಿದ ಬುಟ್ಟಿಯನ್ನು ಹಿಡಿದು ಹೊಲದ ಸುತ್ತ ಚೆಲ್ಲುತ್ತ ನಡೆಯುತ್ತಾರೆ. ಹಿಂದೆ ಇನ್ನೊಬ್ಬರು ತಂಬಿಗೆಯಿಂದ ನೀರು ಚಿಮುಕಿಸುತ್ತಾರೆ. ಇದೇ ಚರಗ. ಚೆಲ್ಲಿದ ಅನ್ನ ಯಾರಿಗೆ? ಇರುವೆಗೆ, ಹಕ್ಕಿಗೆ, ಇಲಿಗೆ, ನರಿಗೆ. ಇದು ನಿಮ್ಮದೂ ಹೌದೆಂದು ಆ ಜೀವಗಳಿಗೆ ವರ್ಷಕ್ಕೊಮ್ಮೆ ತಿಳಿಸುವ ಕ್ರಮ. ಚರಗ ಚೆಲ್ಲುವವರೆಗೂ ಮನೆಯವರಾರೂ ಉಣ್ಣುವುದಿಲ್ಲ.

ಕಳೆದ ಸೀಗಿ ಹುಣ್ಣಿಮೆಯಂದು ತಮ್ಮನಿಗೆ ಮೊಣಕಾಲು ನೋವಿತ್ತು. ಮಗನು ಬುಟ್ಟಿ ಹಿಡಿದನು; ತಂಬಿಗೆ ಹಿಡಿದು ನಾನು ಹಿಂದೆ ನಡೆದೆನು. ಗುಡ್ಡದ ಕಡೆಯ ಅಂಚಿಗೆ, ಹಂದಿ ಕೆಡವಿದ ಸಾಲುಗಳ ಬಳಿಗೆ ಬಂದಾಗ ಅವನ ಕೈ ಒಂದು ಕ್ಷಣ ತಡೆಯಿತು. ಆಮೇಲೆ ಅಲ್ಲಿಯೂ ಚೆಲ್ಲಿದನು. ಸುತ್ತು ಮುಗಿದ ಮೇಲೆ ಬನ್ನಿಯ ಬುಡದಲ್ಲಿ ಕುಳಿತು ನಾನು ಅವನಿಗೆ 1977ರ ಆ ಘಟನೆಯನ್ನು ಹೇಳಿದೆ. ಮನೆಯಲ್ಲಿ ಯಾರಿಗೂ ಅದನ್ನು ನಾನು ಹೇಳಿರಲಿಲ್ಲ. ಅವನು ಕೇಳಿದನು; ತಂತಿಯ ಮಾತನ್ನು ಎತ್ತಲಿಲ್ಲ. “ಹಂಗಾರ ಇವತ್ತಿನಿಂದ ರಾತ್ರಿ ಕಾಯೂನು. ನೀವೂ ಬರ್ರಿ,” ಎಂದಷ್ಟೇ ಹೇಳಿದನು.

ಹೀಗೆ ಈ ವಯಸ್ಸಿನಲ್ಲಿ ನಾನು ಅಟ್ಟಣಿಗೆ ಏರಿದೆ. ನಾಲ್ಕು ಕಂಬಗಳ ಮೇಲೆ ಹಲಗೆ ಹಾಸಿ, ಮೇಲೆ ಸೋಗೆ ಹೊದಿಸಿದ ಕಾವಲಿನ ಅಟ್ಟ ಅದು. ಹಿಂದೆ ಜೋಳದ ಹೊಲಗಳಲ್ಲಿ ಹುಡುಗರು ಇದರ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದರು. ಈಗ ಕವಣೆಯ ಬದಲು ಬ್ಯಾಟರಿ, ಬಡಿಯಲು ಎಣ್ಣೆಯ ಖಾಲಿ ಡಬ್ಬಿ, ಹೊದೆಯಲು ಕಂಬಳಿ. ಪಕ್ಕದ ಎರಡು ಹೊಲಗಳವರೂ ಸೇರಿ ಸರದಿ ಗೊತ್ತುಮಾಡಿಕೊಂಡರು. ಮಧ್ಯರಾತ್ರಿಯ ಹೊತ್ತಿಗೆ ಹಳ್ಳದಲ್ಲಿ ನರಿಗಳು ಕೂಗುತ್ತವೆ. ಒಂದು ಹಂದಿಯ ಹಿಂಡು ಬಂದು, ಡಬ್ಬಿಯ ಸದ್ದಿಗೆ ತಿರುಗಿ ಹೋಯಿತು. ಮತ್ತೊಮ್ಮೆ ಬಂದು, ನಾವು ಎಚ್ಚರಗೊಳ್ಳುವಷ್ಟರಲ್ಲಿ ನಾಲ್ಕು ಸಾಲು ಕೆಡವಿತು.

ಐದನೆಯ ರಾತ್ರಿ, ನಸುಕಿನ ನಾಲ್ಕು ಗಂಟೆಯಿರಬಹುದು. ಹುಣ್ಣಿಮೆ ಕಳೆದ ಚಂದ್ರ ನೆತ್ತಿಯ ಮೇಲಿದ್ದ. ಗುಡ್ಡದ ಕಡೆಯ ಅಂಚಿನಲ್ಲಿ, ಕೆಡವಿದ ಸಾಲಿನ ಬಳಿಯೇ, ಏನೋ ಸರಸರನೆ ಸರಿದ ಸದ್ದಾಯಿತು. ತಮ್ಮನ ಮಗ ಮೆಲ್ಲನೆ ಎದ್ದು ಬೆಳಕು ಬಿಟ್ಟನು. ಬೆಳಕಿನಲ್ಲಿ ಕಂಡದ್ದು ಹಂದಿಯಲ್ಲ. ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ಬುಟ್ಟಿ ಹಿಡಿದ ಒಬ್ಬ ಮುದುಕಿ. ಹಿಂದಿನ ದಿನ ಶೇಂಗಾ ಕಿತ್ತ ಹೊಲಕ್ಕೆ ಉಳಿದವರು ಬರುವ ಮುನ್ನ ಹಕ್ಕಲಿಗೆ ಹೋಗಬೇಕೆಂದು ಅಡ್ಡದಾರಿ ಹಿಡಿದು ಬಂದಿದ್ದಳು. “ನಾನಪಾ, ಹಕ್ಕಲಕ್ಕ ಹೊಂಟೇನಿ,” ಎಂದಳು. ಅವನು ದೀಪ ಆರಿಸಿದನು. “ಸಾವಕಾಶ ಹೋಗವಾ, ದಾರ್ಯಾಗ ಮುಳ್ಳದಾವು,” ಎಂದನು. ಆಕೆ ಹೋದಳು.

ಬಹಳ ಹೊತ್ತು ಅವನು ಮಾತಾಡಲಿಲ್ಲ. ತಂತಿಯನ್ನು ಎಳೆಯಬೇಕೆಂದು ಅವನು ಗುರುತು ಹಾಕಿದ್ದ ಗೂಟಗಳ ನಡುವೆಯೇ ಆಕೆ ದಾಟಿ ಬಂದಿದ್ದಳು. ನಾನೂ ಅದನ್ನು ಕಂಡಿದ್ದೆ, ಹೇಳುವ ಅಗತ್ಯವಿರಲಿಲ್ಲ. ಬೆಳಗಾದ ಮೇಲೆ ಅವನು ಅಟ್ಟದಿಂದ ಎರಡೂ ಸುರುಳಿಗಳನ್ನು ಇಳಿಸಿ, ಮೋಟಾರ್‌ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಅಂಗಡಿಗೆ ಮರಳಿಸಿ ಬಂದನು. ನೂರು ರೂಪಾಯಿ ಕಡಿಮೆ ಕೊಟ್ಟರೆಂದು ಗೊಣಗಿದನು. ನನಗೆ ಆ ಗೊಣಗು ಹಿತವಾಗಿಯೇ ಕೇಳಿಸಿತು.

ಆ ವಾರ ಚಿತ್ತಿ ಮಳೆ ಹದ ಮಾಡಿಕೊಟ್ಟಿತು. ಎರಿಯಲ್ಲಿ ಜೋಳ, ಕಡಲೆ ಬಿತ್ತುವಾಗ ತಮ್ಮ ಹಳೆಯದೊಂದು ಪದ್ಧತಿಯನ್ನು ನೆನಪಿಸಿದನು. ನಮ್ಮ ತಂದೆಯವರು ಹಿಂಗಾರಿ ಹೊಲದ ಸುತ್ತ ನಾಲ್ಕಾರು ಸಾಲು ಕುಸುಬಿ ಹಾಕುತ್ತಿದ್ದರು. ಕುಸುಬಿ ಬೆಳೆದಂತೆ ಅದರ ಎಲೆ, ಮೊಗ್ಗೆಗಳೆಲ್ಲ ಮುಳ್ಳಾಗುತ್ತವೆ. ದನಕರುಗಳಾಗಲಿ ಚಿಗರಿಗಳಾಗಲಿ ಒಳನುಗ್ಗಲು ಹಿಂದೆಗೆಯುತ್ತವೆ. ಕೊನೆಗೆ ಮನೆಗೆ ಎಣ್ಣೆಯೂ ಆಗುತ್ತದೆ. ಬೇಲಿಯೂ ಬೆಳೆಯೂ ಒಂದೇ. ಪೇಟೆಯ ಎಣ್ಣೆ ಬಂದ ಮೇಲೆ ಆ ಸಾಲುಗಳು ನಮ್ಮಲ್ಲಿ ನಿಂತುಹೋಗಿದ್ದವು. ಈ ಬಾರಿ ಮತ್ತೆ ಬಿತ್ತಿದರು. ಹೊಲದ ತುದಿಯಲ್ಲಿ ಮೇಲೆ ಬಿದ್ದ ಕಾಳನ್ನು ಮೊಮ್ಮಗಳೂ ನಾನೂ ಕೈಯಿಂದ ಮಣ್ಣು ಎಳೆದು ಮುಚ್ಚಿದೆವು. ನಲವತ್ತೇಳು ವರ್ಷಗಳಿಗೂ ಹಿಂದೆ ಮಾಡಬೇಕಾಗಿದ್ದ ಕೆಲಸವದು.

ಕುಸುಬಿಯ ಮುಳ್ಳು ಹಂದಿಯನ್ನು ತಡೆಯಲಾರದೆಂಬುದನ್ನು ಮರೆಮಾಚಬಾರದು. ಗೋವಿನಜೋಳದ ರಾಶಿ ಮುಗಿದಾಗ ಲೆಕ್ಕ ಹಾಕಿದರೆ ಎಂಟು ಚೀಲದಷ್ಟು ಕಡಿಮೆ ಬಂದಿತ್ತು. “ಇರಲಿ ಬಿಡ್ರಿ ದೊಡ್ಡಪ್ಪ, ಈ ಸಲ ಚರಗ ಸ್ವಲ್ಪ ದೊಡ್ಡದಾತು,” ಎಂದು ಅವನು ನಕ್ಕನು. ಅವನು ನಕ್ಕದ್ದು ಅವನ ದೊಡ್ಡತನ. ಆದರೆ ಕಾಡುಜೀವಿಗಳು ಉಳಿಯಬೇಕೆಂದು ಬಯಸುವವರು ನಾಡಿನವರೆಲ್ಲರೂ ಆಗಿರುವಾಗ, ಆ ಚರಗದ ಭಾರವನ್ನೆಲ್ಲ ಗುಡ್ಡದ ಅಂಚಿನ ರೈತನೊಬ್ಬನೇ ಹೊರಬೇಕೆಂಬುದು ನ್ಯಾಯವಲ್ಲ. ಪರಿಹಾರ ಸಕಾಲಕ್ಕೆ ಮುಟ್ಟಬೇಕು. ಸೌರಬೇಲಿಗೆ ನೆರವು ಸಣ್ಣ ಹಿಡುವಳಿದಾರನಿಗೆ ಎಟುಕಬೇಕು. ಊರಿನವರು ಸರದಿಯ ಕಾವಲನ್ನು ಮತ್ತೆ ಕೂಡಿ ಮಾಡಬೇಕು. ತಂತಿಯನ್ನು ಬಿಡು ಎಂದು ಹೇಳುವ ಬಾಯಿಗೆ ಇಷ್ಟನ್ನೂ ಕೇಳುವ ಹೊಣೆಯಿದೆ.

ದೀಪಾವಳಿಯ ಪಾಡ್ಯಕ್ಕೆ ಸೆಗಣಿಯ ಪಾಂಡವರನ್ನು ಮಾಡಿ, ಉತ್ತರಾಣಿ, ಚೆಂಡುಹೂ ಸಿಕ್ಕಿಸಿ ಹಬ್ಬ ಮುಗಿಸಿದೆವು. ಕಾರ್ತಿಕ ಕಾಲಿಟ್ಟಿತು. ನಾನು ಹೊರಡುವ ಹಿಂದಿನ ದಿನ ತಮ್ಮನ ಮಗನೂ ಮೊಮ್ಮಗಳೂ ನಾನೂ ಮಾಗಡಿಯ ಕೆರೆಗೆ ಹೋದೆವು. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುನೆಲೆಗಳ ಸಾಲಿಗೆ ಸೇರಿದ ಕೆರೆ ಇದು. ಆ ವರ್ಷದ ಮೊದಲ ಹೆಬ್ಬಾತುಗಳು ಬಂದಿಳಿದಿದ್ದವು. ಬೂದು ಮೈ, ಬಿಳಿಯ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಟಿಬೆಟ್ಟು, ಮಂಗೋಲಿಯಾಗಳ ಎತ್ತರದ ಸರೋವರಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಇವು ಇಲ್ಲಿಗೆ ಬರುತ್ತವೆ. 7000 ಮೀಟರಿಗೂ ಮೇಲೆ ಇವು ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಕಾವ್ಯಗಳ ಹಂಸ ಇದೇ ಹೆಬ್ಬಾತು ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ಮಾನಸ ಸರೋವರದಿಂದ ಮರಳುವ ಹಂಸಗಳನ್ನು ನಾನು ಪುಸ್ತಕದಲ್ಲಿ ಬಾಯಿಪಾಠ ಮಾಡುತ್ತಿದ್ದಾಗ, ಅವು ನಮ್ಮ ಹೊಲದ ಮಗ್ಗುಲಿನ ಕೆರೆಯಲ್ಲೇ ಇಳಿಯುತ್ತಿದ್ದವು.

ಸಂಜೆಯಾಗುತ್ತಲೇ ಹೆಬ್ಬಾತುಗಳು ಗುಂಪಾಗಿ ಎದ್ದು ಸುತ್ತಲಿನ ಹೊಲಗಳತ್ತ ಹೊರಟವು. ಶೇಂಗಾ ಕಿತ್ತ ನೆಲದಲ್ಲಿ ಉಳಿದ ಕಾಯಿಗಳೇ ಅವುಗಳ ಮೇವು. ಎಲ್ಲಿಗೆ ಹೊರಟವೆಂದು ಮೊಮ್ಮಗಳು ಕೇಳಿದಳು. “ಹಕ್ಕಲಕ್ಕ,” ಎಂದನು ಅವಳ ತಂದೆ.

ಹೊಲವುಳ್ಳ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ಬರುವ ಶರದೃತುವಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೊಲಕ್ಕೆ ಹೋಗಿರಿ. ಚರಗ ಚೆಲ್ಲಿರಿ. ಹಕ್ಕಲಿಗೆ ಬಂದವರನ್ನು ತಡೆಯಬೇಡಿರಿ. ಬಿತ್ತಿ ತಿರುಗುವಾಗ ಹೊಲದ ತುದಿಯಲ್ಲಿ ಒಂದು ಗಳಿಗೆ ನಿಂತು, ಮೇಲುಳಿದ ಕಾಳಿಗೆ ಮಣ್ಣು ಎಳೆಯಿರಿ.